ಇಪ್ಪತ್ತನಾಲ್ಕನೇ ಪೋರ್ಟಿನ ಆ ಕಡೆಯವರು

ಮಾರ್ಚ್ 3, ಸೋಮವಾರ

ಇವತ್ತಿನಿಂದ ದಿನಚರಿ ಬರೆಯುತ್ತೇನೆ. ಆಫೀಸಿನಲ್ಲಿ ಬಾಯಿ ಬಿಡುವಂತಿಲ್ಲ, ಮನೆಯಲ್ಲಿ ಬಾಯಿ ಬಿಟ್ಟರೆ ಅಕ್ಕ ಬಿಡುವುದಿಲ್ಲ. ಎಲ್ಲಾದರೂ ಒಂದು ಕಡೆ ಬೈದುಕೊಳ್ಳಬೇಕಲ್ಲ.

ಬೆಳಿಗ್ಗೆ ಮ್ಯಾನೇಜರ್ ಎಲ್ಲರನ್ನೂ ಕೂರಿಸಿ ಹೇಳಿದರು: ನಮ್ಮ ಹೂವಿನ ಹರಾಜು ಹಾಲ್ ಮತ್ತು ಅಂಗಳದ ಆಚೆ ಬದಿಯ ಹರಾಜು ಹಾಲ್ ಇನ್ನು ಮುಂದೆ ಒಂದೇ ಸಂಸ್ಥೆ. ಇಷ್ಟು ವರ್ಷ ಒಬ್ಬರ ಗಿರಾಕಿಯನ್ನು ಇನ್ನೊಬ್ಬರು ಎಳೆದುಕೊಂಡು ಬದುಕಿದವರು ಈಗ ಅಣ್ಣತಮ್ಮಂದಿರಂತೆ. ಇಪ್ಪತ್ತೊಂದನೇ ತಾರೀಕು ಎರಡೂ ಹಾಲ್ ಸೇರಿಸಿ ಮೊದಲ ಜಂಟಿ ಹರಾಜು. ಅಲ್ಲಿಯ ಹರಾಜಿನ ಬೆಲೆ ತೋರಿಸುವ ಗಡಿಯಾರ ಇಲ್ಲಿ ಕಾಣಬೇಕು, ಇಲ್ಲಿಯ ಹೂವಿನ ಫೋಟೋ ಅಲ್ಲಿ ಕಾಣಬೇಕು, ವ್ಯಾಪಾರಿ ಎಲ್ಲಿ ಕೂತು ಗುಂಡಿ ಒತ್ತಿದರೂ ಸಲ್ಲಬೇಕು. ಇಷ್ಟಕ್ಕೆಲ್ಲ ಆಧಾರ ಅಂಗಳದ ಕೆಳಗೆ ಪೈಪಿನಲ್ಲಿ ಮಲಗಿರುವ ಒಂದೇ ಒಂದು ಹಳೇ ಕೇಬಲ್. ಅದರ ಈ ತುದಿ ನನ್ನ ಸ್ವಿಚ್ಚಿನ, ಅಂದರೆ ಹಾಲಿನ ಎಲ್ಲ ಕಂಪ್ಯೂಟರುಗಳ ತಂತಿ ಬಂದು ಸೇರುವ ಪೆಟ್ಟಿಗೆಯ, ಇಪ್ಪತ್ತನಾಲ್ಕನೇ ಪೋರ್ಟಿಗೆ ಬರುತ್ತದೆ. ಆ ತುದಿ ಆ ಕಡೆಯ ನೆಟ್‌ವರ್ಕ್ ನೋಡಿಕೊಳ್ಳುವವರ ಕೈಯಲ್ಲಿದೆ.

ಸಭೆ ಮುಗಿದ ಮೇಲೆ ಮ್ಯಾನೇಜರ್ ನನ್ನೊಬ್ಬಳನ್ನೇ ಕರೆದು ಉಳಿದದ್ದನ್ನು ಹೇಳಿದರು. ನೆಟ್‌ವರ್ಕಿಗೆ ಇನ್ನು ಒಂದೇ ಹುದ್ದೆ. ಜಂಟಿ ಹರಾಜು ಹೇಗೆ ನಡೆಯುತ್ತದೆ ಎಂದು ನೋಡಿಕೊಂಡು ನನ್ನನ್ನೋ ಆ ಕಡೆಯವರನ್ನೋ ಇಟ್ಟುಕೊಳ್ಳುತ್ತಾರೆ. ಇದೇ ಮಾತನ್ನು ಅವರಿಗೂ ಹೇಳಿದ್ದಾರಂತೆ.

ನನಗೆ ನಲವತ್ತೊಂಬತ್ತು. ಅಕ್ಕ ಬಟ್ಟೆ ಹೊಲಿಯುತ್ತಾಳೆ, ಆದರೆ ಈಚೆಗೆ ಸೂಜಿಗೆ ದಾರ ಪೋಣಿಸಲು ನನ್ನನ್ನು ಕೂಗುತ್ತಾಳೆ. ಮನೆ ನಡೆಯುವುದು ನನ್ನ ಸಂಬಳದಲ್ಲಿ. ಹುದ್ದೆ ನನ್ನದೇ ಆಗಬೇಕು. ಆಗಿಯೇ ಆಗುತ್ತದೆ.

ಮಾರ್ಚ್ 5, ಬುಧವಾರ

ಕೇಬಲ್ ಸಿಕ್ಕಿಸಿದೆವು. ಜಗಳ ಶುರುವಾಯಿತು.

ನನ್ನ ಪದ್ಧತಿ ಎಲ್ಲರಿಗೂ ಗೊತ್ತಿರುವುದೇ. ಮುಖ್ಯವಾದ ಯಾವ ಪೋರ್ಟನ್ನೂ ನಾನು ಆಟೋಗೆ, ಅಂದರೆ ತಾನೇ ನಿರ್ಧರಿಸಿಕೊಳ್ಳಲಿ ಎಂದು, ಬಿಡುವವಳಲ್ಲ. ವೇಗ ಇಷ್ಟು, ಡ್ಯೂಪ್ಲೆಕ್ಸ್, ಅಂದರೆ ಹೋಗಿಬರುವ ಮಾತಿನ ದಾರಿ, ಫುಲ್ ಎಂದು ಕೈಯಾರೆ ಬರೆದು ಫಿಕ್ಸ್ ಮಾಡಿಬಿಡುತ್ತೇನೆ. ನಾನು ಕೆಲಸ ಕಲಿತ ಕಾಲದಲ್ಲಿ ಆಟೋ ನಂಬಿ ಕೆಟ್ಟವರನ್ನು ಕಣ್ಣಾರೆ ನೋಡಿದ್ದೇನೆ. ಆ ಕಡೆಯವರು ನನ್ನ ವಯಸ್ಸಿನವರೇ ಅಂತೆ, ಇನ್ನೂ ನಾಲ್ಕೈದು ವರ್ಷ ಹೆಚ್ಚೇ ಇರಬಹುದು, ಆದರೆ ಎಲ್ಲವನ್ನೂ ಆಟೋಗೆ ಬಿಟ್ಟು ಹಾಯಾಗಿದ್ದಾರೆ.

ಒಂದು ತುದಿ ಫಿಕ್ಸ್, ಇನ್ನೊಂದು ತುದಿ ಆಟೋ. ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ಅವರಿಂದ ಮೇಲ್ ಬಂತು: ದಯವಿಟ್ಟು ನಿಮ್ಮ ಕಡೆಯೂ ಆಟೋ ಮಾಡಿ. ನಾನು ಬರೆದೆ: ದಯವಿಟ್ಟು ನಿಮ್ಮ ಕಡೆಯೂ ಫಿಕ್ಸ್ ಮಾಡಿ. ಎರಡರ ಪ್ರತಿಯೂ ಮ್ಯಾನೇಜರಿಗೆ ಹೋಗಿದೆ. ಈಗ ಯಾರು ಬಗ್ಗಿದರೂ, ಎದುರಿನವರ ಕೆಲಸವೇ ಸರಿ ಎಂದು ತಾವೇ ಒಪ್ಪಿಕೊಂಡಂತೆ. ಇರುವುದು ಒಂದೇ ಹುದ್ದೆ. ಬಗ್ಗುವುದುಂಟೇ?

ಅಂದಹಾಗೆ ಅವರ ಕೋಣೆಯ ಕಿಟಕಿ ನನ್ನ ಕಿಟಕಿಗೆ ಎದುರೇ ಇದೆ. ಸ್ವಲ್ಪ ಗಟ್ಟಿಯಾಗಿ ಕೂಗಿದರೆ ಕೇಳುತ್ತದೆ. ಆದರೂ ಮೇಲ್.

ಮಾರ್ಚ್ 6, ಗುರುವಾರ

ನನ್ನ ಮುಖ ಯಾಕೆ ಹೀಗೆ ಗಂಟಿಕ್ಕಿದೆ ಎಂದು ಅಕ್ಕ ಕೇಳಿದಳು. ಬಿಡಿಸಿ ಹೇಳಿದೆ. ಎರಡು ಸ್ವಿಚ್ಚಿನ ನಡುವೆ ಕೇಬಲ್ ಹಾಕಿದರೆ, ಆಟೋ ಇದ್ದಾಗ ಎರಡೂ ಮೊದಲು ತಮಗೆ ಏನೇನು ಸಾಧ್ಯ ಎಂದು ಹೇಳಿಕೊಳ್ಳುತ್ತವೆ. ಇಬ್ಬರಿಗೂ ಸಾಧ್ಯವಿರುವುದರಲ್ಲಿ ಒಳ್ಳೆಯದನ್ನು ಆರಿಸಿಕೊಳ್ಳುತ್ತವೆ. ಫಿಕ್ಸ್ ಮಾಡಿದ ಸ್ವಿಚ್ ಮಾತ್ರ ಆ ವಿಷಯದಲ್ಲಿ ತುಟಿ ಬಿಚ್ಚುವುದಿಲ್ಲ, ನೇರವಾಗಿ ತನ್ನ ಕೆಲಸ ಶುರು ಮಾಡುತ್ತದೆ. ಎದುರಿನ ಸ್ವಿಚ್ ಆಟೋದಲ್ಲಿದ್ದರೆ ಕಾದು ಕಾದು, ವೇಗವನ್ನೇನೋ ಹೇಗೋ ಪತ್ತೆ ಮಾಡಿ, ಉಳಿದ ವಿಷಯದಲ್ಲಿ ಇರುವುದರಲ್ಲೇ ಕನಿಷ್ಠದ್ದಕ್ಕೆ ಇಳಿಯುತ್ತದೆ. ಅದು ಹಾಫ್. ಹಾಫ್ ಎಂದರೆ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕು. ಫುಲ್ ಎಂದರೆ ಇಬ್ಬರೂ ಒಟ್ಟಿಗೆ ಮಾತಾಡಬಹುದು, ಒಟ್ಟಿಗೆ ಕೇಳಬಹುದು. ಒಂದು ಕಡೆ ಫುಲ್, ಇನ್ನೊಂದು ಕಡೆ ಹಾಫ್ ಆದರೆ ಈ ಕಡೆಯವರು ನಿಲ್ಲಿಸದೆ ಮಾತಾಡುತ್ತಾರೆ, ಆ ಕಡೆಯವರಿಗೆ ಬಾಯಿ ತೆಗೆದಾಗಲೆಲ್ಲ ಡಿಕ್ಕಿ.

ಅಕ್ಕ ಗುಂಡಿ ಹೊಲಿಯುತ್ತಾ ಕೇಳಿಸಿಕೊಂಡು, "ಅಂದ್ರೆ ನೀನು ಫುಲ್, ಪಾಪ ಆ ಮನುಷ್ಯ ಹಾಫ್" ಎಂದಳು. ನಾನು ಸ್ವಿಚ್ಚಿನ ವಿಷಯ ಹೇಳುತ್ತಿದ್ದೆ. ಅವಳಿಗೆ ಎಲ್ಲದರಲ್ಲೂ ಮನುಷ್ಯರೇ ಬೇಕು.

ಮಾರ್ಚ್ 7, ಶುಕ್ರವಾರ

ಪರೀಕ್ಷೆ ಮಾಡಿದೆವು. ಇದರ ತಮಾಷೆ ಏನೆಂದರೆ, ಚಿಕ್ಕ ಚಿಕ್ಕ ಮಾತೆಲ್ಲ ಸಲೀಸಾಗಿ ಹೋಗುತ್ತದೆ. ಇದ್ದೀಯಾ ಎಂದರೆ ಇದ್ದೀನಿ ಎಂದು ಉತ್ತರ ಬರುತ್ತದೆ. ದೊಡ್ಡದು ಬಂತೋ, ಕತೆ ಮುಗಿಯಿತು. ಅವರ ಹಾಲಿನಿಂದ ಒಂದು ಗುಲಾಬಿಯ ಫೋಟೋ ಬಂತು. ಅರ್ಧ ಗುಲಾಬಿ ಬಂದು ನಿಂತಿತು. ಕೆಳಗಿನ ಅರ್ಧ ಬೂದು ಬಣ್ಣ. ನಾನು ಚಹಾ ಕುಡಿದು ಬಂದರೂ ದಂಟು ಬಂದಿರಲಿಲ್ಲ.

ನನ್ನ ಪೋರ್ಟ್ ನೋಡಿದೆ. ಮುರಿದು ಮುಕ್ಕಾದ ಮಾತುಗಳ ಲೆಕ್ಕ ಏರುತ್ತಿದೆ. ಎಲ್ಲ ಆ ಕಡೆಯಿಂದ ಬಂದವು. ಅದನ್ನೇ ವರದಿ ಮಾಡಿ ಮ್ಯಾನೇಜರಿಗೆ ಕಳಿಸಿದೆ: ತಪ್ಪು ಆ ಕಡೆಯದು, ಸಾಕ್ಷಿ ಲಗತ್ತಿಸಿದೆ. ಅವರ ವರದಿಯೂ ಬಂದಿತ್ತು. ಅವರ ಪೋರ್ಟಿನಲ್ಲಿ ತಡವಾದ ಡಿಕ್ಕಿಗಳ ಲೆಕ್ಕ ಏರುತ್ತಿದೆ: ತಪ್ಪು ಈ ಕಡೆಯದು, ಸಾಕ್ಷಿ ಲಗತ್ತಿಸಿದೆ. ಇಬ್ಬರ ಸಾಕ್ಷಿಯೂ ನಿಜ. ಮ್ಯಾನೇಜರ್ ಎರಡನ್ನೂ ಓದಿ, ತಲೆನೋವಿನ ಮಾತ್ರೆ ಇದೆಯಾ ಎಂದು ನನ್ನನ್ನು ಕೇಳಿದರು.

ಮಾರ್ಚ್ 10, ಸೋಮವಾರ

ಕಳ್ಳನನ್ನು ಹಿಡಿದೆ!

ಸ್ವಿಚ್ಚಿಗೆ ಯಾರೂ ಯಾರನ್ನೂ ಪರಿಚಯ ಮಾಡಿಸುವುದಿಲ್ಲ. ಯಾರ ಮಾತು ಯಾವ ಪೋರ್ಟಿನಿಂದ ಒಳಗೆ ಬಂತೋ, ಆ ಪೋರ್ಟಿನ ಮುಂದೆ ಅವರ ವಿಳಾಸ ಬರೆದುಕೊಳ್ಳುತ್ತದೆ. ಅಷ್ಟೇ ಅದರ ವಿದ್ಯೆ. ಐದು ನಿಮಿಷ ಅವರಿಂದ ಮಾತಿಲ್ಲವೆಂದರೆ ಅಳಿಸಿಬಿಡುತ್ತದೆ. ಆಮೇಲೆ ಅವರಿಗೆ ಏನಾದರೂ ಬಂದರೆ, ಎಲ್ಲಿದ್ದಾರೋ ಗೊತ್ತಿಲ್ಲದೆ, ತಂದವನ ಪೋರ್ಟೊಂದನ್ನು ಬಿಟ್ಟು ಮಿಕ್ಕ ಎಲ್ಲ ಪೋರ್ಟಿಗೂ ಕೂಗಿ ಹೇಳುತ್ತದೆ.

ಕೇಬಲ್ ಸೇರಿಸಿದ ದಿನದಿಂದ ಆ ಕಡೆಯವರ ಲ್ಯಾಪ್‌ಟಾಪಿನ ವಿಳಾಸ ನನ್ನ ಪಟ್ಟಿಯಲ್ಲಿ ಇಪ್ಪತ್ತನಾಲ್ಕರ ಮುಂದೆ ಕೂತಿರುತ್ತದೆ. ಇವತ್ತು ಮಧ್ಯಾಹ್ನ ನೋಡುತ್ತೇನೆ, ಒಂಬತ್ತರ ಮುಂದೆ ಇದೆ. ಒಂಬತ್ತು ಎಂದರೆ ನಮ್ಮ ಕ್ಯಾಂಟೀನಿನ ಮೂಲೆ ಮೇಜು. ಮಹಾಶಯರು ನಮ್ಮ ಹಾಲಿಗೇ ಬಂದು, ನಮ್ಮ ಕ್ಯಾಂಟೀನಿನಲ್ಲಿ ಕೂತು, ನನ್ನ ಸ್ವಿಚ್ಚಿಗೆ ತಂತಿ ಸಿಕ್ಕಿಸಿ, ನನ್ನ ನೆಟ್‌ವರ್ಕ್ ಹೇಗಿದೆ ಎಂದು ಮೂಸಿ ನೋಡುತ್ತಿದ್ದಾರೆ!

ಏನೂ ಮಾಡಲಿಲ್ಲ. ಒಂಬತ್ತನೇ ಪೋರ್ಟನ್ನು ಮುಚ್ಚಿದೆ. ಐದು ನಿಮಿಷ ಬಿಟ್ಟು ತೆರೆದೆ. ಅವರು ಕೆಲಸ ಶುರು ಮಾಡುವಷ್ಟರಲ್ಲಿ ಮತ್ತೆ ಮುಚ್ಚಿದೆ. ಹೀಗೆ ನಾಲ್ಕು ಸಲ. ಸಂಜೆ ಮೇಲ್ ಬಂತು: ನಿಮ್ಮ ಕ್ಯಾಂಟೀನಿನ ಮೂಲೆ ಪೋರ್ಟ್ ಯಾಕೋ ಸರಿಯಿಲ್ಲ, ಅದನ್ನೂ ಫಿಕ್ಸ್ ಮಾಡಿದ್ದೀರಾ?

ಮನೆಗೆ ಬರುವ ಬಸ್ಸಿನಲ್ಲಿ ಒಬ್ಬಳೇ ನಕ್ಕೆ. ಪಕ್ಕದವರು ಸರಿದು ಕೂತರು.

ಮಾರ್ಚ್ 12, ಬುಧವಾರ

ಬಿಲ್ಲಿಂಗ್ ಕೋಣೆಯ ಪ್ರಿಂಟರಿನಿಂದ ತಾನೇ ತಾನಾಗಿ ಒಂದು ಹಾಳೆ ಬಂತಂತೆ. ಬಿಲ್ಲಿಂಗ್ ಹುಡುಗಿ ತಂದುಕೊಟ್ಟಳು. ದಪ್ಪ ಅಕ್ಷರದಲ್ಲಿ: "ನಿಮ್ಮ ಕ್ಯಾಂಟೀನಿನ ಚಹಾ ನಮ್ಮದಕ್ಕಿಂತ ಚೆನ್ನಾಗಿದೆ. ಬಾಕಿ ಎಲ್ಲ ನಮ್ಮದೇ ಚೆನ್ನಾಗಿದೆ." ಸಹಿ ಇಲ್ಲ. ಬೇಕಾಗಿಯೂ ಇಲ್ಲ.

ಸಂಸ್ಥೆಯ ಶಾಯಿ, ಸಂಸ್ಥೆಯ ಕಾಗದ! ದೂರು ಕೊಡಬಹುದಿತ್ತು. ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡಿದ್ದೇನೆ. ಮುಂದೆ ಸಾಕ್ಷಿಗೆ ಬೇಕಾಗಬಹುದು.

ಮಾರ್ಚ್ 14, ಶುಕ್ರವಾರ

ನಾನೂ ಹೋದೆ. ಲ್ಯಾಪ್‌ಟಾಪ್ ಹಿಡಿದು, ತಲೆಗೆ ಸ್ಕಾರ್ಫ್ ಸುತ್ತಿಕೊಂಡು, ಲಿಲ್ಲಿ ಕೊಳ್ಳಲು ಬಂದವಳಂತೆ ಅವರ ಹಾಲಿನ ಹಿಂದಿನ ಸಾಲಿನಲ್ಲಿ ಕೂತೆ. ತಂತಿ ಸಿಕ್ಕಿಸಿ ಅರೆ ಗಳಿಗೆ ಆಗಿರಲಿಲ್ಲ, ಯಾರೋ ಮೇಜಿನ ಮೇಲೆ ಚಹಾ ತಂದಿಟ್ಟರು. ತಲೆ ಎತ್ತಿದರೆ ಒಬ್ಬರು ನಿಂತಿದ್ದಾರೆ. ನರೆತ ಕೂದಲು, ಕುತ್ತಿಗೆಗೆ ದಾರ ಕಟ್ಟಿದ ಕನ್ನಡಕ, ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್.

"ಮೇಡಂ, ನಿಮ್ಮ ವಿಳಾಸ ನಮ್ಮ ಹದಿನೇಳನೇ ಪೋರ್ಟಲ್ಲಿ ಬಂತು. ಇಷ್ಟು ದೂರ ಬಂದಿದ್ದೀರಿ, ಚಹಾ ಕುಡಿದೇ ಹೋಗಿ. ಚೆನ್ನಾಗಿಲ್ಲ, ಆದ್ರೂ ಕುಡೀರಿ" ಎಂದರು.

ನಾನು ಬಿಟ್ಟೆನೇ? ಆಟೋ ಎಷ್ಟು ಜನರ ಮನೆ ಹಾಳು ಮಾಡಿದೆ ಎಂದು ಅಲ್ಲೇ ಶುರು ಮಾಡಿದೆ. ಅವರಿಗೊಂದು ವಿಚಿತ್ರ ಅಭ್ಯಾಸವಿದೆ. ಎದುರಿನವರು ಮಾತು ಮುಗಿಸಿದ ಮೇಲೂ, ಇನ್ನೇನಾದರೂ ಇದೆಯೋ ಎಂದು ಸ್ವಲ್ಪ ಕಾಯುತ್ತಾರೆ. ಖಾಲಿ ಬಿಟ್ಟ ಆ ಜಾಗದಲ್ಲಿ ನಾನು ಇನ್ನಷ್ಟು ಮಾತಾಡಿಬಿಟ್ಟೆ. ಕೊನೆಗೆ ಆಟೋ ಬಿಟ್ಟು ಅಕ್ಕನ ಕಣ್ಣಿನ ವಿಷಯಕ್ಕೆ ಬಂದಿದ್ದೆ. ತಂತ್ರ ಇರಬೇಕು. ಎದುರಾಳಿಯ ಬಾಯಿ ಬಿಡಿಸುವ ತಂತ್ರ.

ಅವರ ಬಗ್ಗೆಯೂ ಒಂದಷ್ಟು ತಿಳಿದುಕೊಂಡು ಬಂದೆ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತಂತೆ. ಈ ವಯಸ್ಸಿನಲ್ಲಿ ಬೇರೆ ಯಾರೂ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ, ಈ ಹುದ್ದೆ ಹೋದರೆ ಮನೆಯಲ್ಲಿ ಗೋಡೆ ನೋಡಿಕೊಂಡು ಕೂರಬೇಕು ಎಂದರು. ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ನನ್ನನ್ನು ಕರಗಿಸಲು ಹೇಳಿದ್ದೇನೋ.

ಚಹಾ ನಿಜಕ್ಕೂ ಕೆಟ್ಟದಾಗಿತ್ತು. ಎರಡು ಲೋಟ ಕುಡಿದೆ.

ಮಾರ್ಚ್ 17, ಸೋಮವಾರ

ಬೆಳಿಗ್ಗೆ ಬಂದ ಕೂಡಲೇ ಪಟ್ಟಿ ತೆಗೆದು ನೋಡುವುದು ಈಗ ರೂಢಿಯಾಗಿದೆ. ಎದುರಾಳಿಯ ಮೇಲೆ ಕಣ್ಣಿಡಬೇಕಲ್ಲ. ಇವತ್ತು ಇಪ್ಪತ್ತನಾಲ್ಕರ ಮುಂದೆ ಅವರ ವಿಳಾಸ ಇಲ್ಲ. ಹತ್ತು ಗಂಟೆಗೂ ಇಲ್ಲ. ಮಧ್ಯಾಹ್ನವೂ ಇಲ್ಲ. ಎದುರು ಕಿಟಕಿಯಲ್ಲಿ ದೀಪವಿಲ್ಲ. ಒಳ್ಳೆಯದೇ ಆಯಿತು, ಒಂದು ದಿನ ನೆಮ್ಮದಿಯಾಗಿ ಕೆಲಸ ಮಾಡಬಹುದು.

ಕೆಲಸ ಏನೂ ಆಗಲಿಲ್ಲ.

ಮಾರ್ಚ್ 18, ಮಂಗಳವಾರ

ಇವತ್ತೂ ಇಲ್ಲ. ಜಂಟಿ ಹರಾಜಿಗೆ ಮೂರೇ ದಿನ ಇರುವಾಗ ಜವಾಬ್ದಾರಿ ಇರುವವರು ಹೀಗೆ ಮಾಡುತ್ತಾರೆಯೇ? ಸಂಸ್ಥೆಯ ಹಿತದೃಷ್ಟಿಯಿಂದ ಅವರ ಮನೆಗೆ ಫೋನ್ ಮಾಡಿದೆ. ಹಲ್ಲು ಕೀಳಿಸಿಕೊಂಡಿದ್ದಾರೆ, ದವಡೆ ಊದಿ ಬಾಯಿ ತೆಗೆಯಲಾಗುತ್ತಿಲ್ಲ. ಹ್ಞೂಂ, ಉಹೂಂ ಎರಡೇ ಮಾತು. ನಾನು ಅರ್ಧ ಗಂಟೆ ಮಾತಾಡಿದೆ, ಒಂದಕ್ಕೂ ಎದುರು ಹೇಳಲಿಲ್ಲ. ಇಷ್ಟು ಒಳ್ಳೆಯ ಮಾತುಕತೆ ನಮ್ಮ ನಡುವೆ ಇದುವರೆಗೆ ಆಗಿರಲಿಲ್ಲ.

ಫೋನ್ ಇಟ್ಟ ಮೇಲೆ ಅಕ್ಕ ಯಾರೆಂದು ಕೇಳಿದಳು. ಆಫೀಸ್ ಕೆಲಸ ಎಂದೆ. ಆಫೀಸ್ ಕೆಲಸಕ್ಕೆ ಅನ್ನ ಮೆತ್ತಗೆ ಬೇಯಿಸಿ ತಿನ್ನಿ ಅಂತ ಹೇಳ್ತಾರಾ ಎಂದು ಕೇಳಿದಳು. ಅವಳಿಗೆ ಕಣ್ಣು ಮಂಜು, ಕಿವಿ ಮಾತ್ರ ಭಾರಿ ಚುರುಕು.

ಮಾರ್ಚ್ 19, ಬುಧವಾರ

ಬಂದಿದ್ದಾರೆ. ಬೆಳಿಗ್ಗೆಯೇ. ಇಪ್ಪತ್ತನಾಲ್ಕರ ಮುಂದೆ.

ಮಾರ್ಚ್ 20, ಗುರುವಾರ

ನಾಳೆ ಹರಾಜು. ಅರ್ಧ ಗುಲಾಬಿ ಇನ್ನೂ ಅರ್ಧವೇ. ಮ್ಯಾನೇಜರ್ ಬೆಳಿಗ್ಗೆ ಬಂದು, ನಾಳೆ ಏನಾದರೂ ಎಡವಟ್ಟಾದರೆ ನಿಮ್ಮಿಬ್ಬರನ್ನೂ ಬಿಟ್ಟು ಹೊರಗಿನ ಕಂಪನಿಗೆ ಕೆಲಸ ಕೊಡುತ್ತೇನೆ ಎಂದು ಹೇಳಿ ಹೋದರು.

ಸಂಜೆ ಎದುರು ಕಿಟಕಿಯ ದೀಪ ಆರುವವರೆಗೆ ಕಾದೆ. ಅವರು ದವಡೆ ಹಿಡಿದುಕೊಂಡು ಅಂಗಳ ದಾಟಿ ಹೋದದ್ದನ್ನು ನೋಡಿದೆ. ಆಮೇಲೆ ಇಪ್ಪತ್ತನಾಲ್ಕನೇ ಪೋರ್ಟನ್ನು ಆಟೋಗೆ ಬಿಟ್ಟೆ.

ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ, ಇದು ಸೋಲಲ್ಲ. ಹಲ್ಲು ನೋವಿನ ಮನುಷ್ಯನ ಜೊತೆ ಏನು ಜಗಳ, ಅಷ್ಟೇ. ಪೋರ್ಟಿನ ದೀಪ ಒಂದು ಕ್ಷಣ ಆರಿ ಮತ್ತೆ ಹತ್ತಿತು. ಎರಡೂ ಕಡೆ ಫುಲ್. ನಮ್ಮ ಅತಿ ದೊಡ್ಡ ಫೋಟೋ ಕಳಿಸಿ ನೋಡಿದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ಅಂಗಳದ ಕೆಳಗಿನ ಆ ಹಳೇ ಕೇಬಲ್ ಇಷ್ಟು ಚೆನ್ನಾಗಿ ಓಡುತ್ತದೆಂದು ನನಗೇ ಗೊತ್ತಿರಲಿಲ್ಲ.

ಅವರಿಗೆ ಹೇಳಲಿಲ್ಲ. ಬೆಳಿಗ್ಗೆ ಅವರೇ ನೋಡಿ ಬೆರಗಾಗಲಿ.

ಮಾರ್ಚ್ 21, ಶುಕ್ರವಾರ

ಎಲ್ಲಿಂದ ಶುರು ಮಾಡಲಿ?

ಎರಡೂ ಹಾಲ್ ಕಿಕ್ಕಿರಿದಿತ್ತು. ಬೆಳೆಗಾರರು ಗಾಡಿ ಹಿಡಿದು ನಿಂತಿದ್ದರು, ವ್ಯಾಪಾರಿಗಳು ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದರು. ನಮ್ಮಲ್ಲಿ ಬೆಲೆ ಮೇಲಿನಿಂದ ಕೆಳಗಿಳಿಯುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಹೂವು. ರೆಪ್ಪೆ ಬಡಿಯುವಷ್ಟು ತಡವಾದರೂ ಹೂವು ಬೇರೆಯವರ ಪಾಲು. ನಾನು ನೆಮ್ಮದಿಯಾಗಿ ಕಾಲು ಚಾಚಿ ಕೂತಿದ್ದೆ. ಗಡಿಯಾರ ಶುರುವಾಯಿತು. ದೊಡ್ಡ ಪರದೆಯ ಮೇಲೆ ಆ ಕಡೆಯ ಮೊದಲ ಗುಲಾಬಿ ಬಂತು.

ಅರ್ಧ.

ಎರಡನೆಯದೂ ಅರ್ಧ. ಬೆಲೆಯ ಮುಳ್ಳು ನಿಂತು ನಿಂತು ಜಿಗಿಯುತ್ತಿತ್ತು. ಅಲ್ಲಿ ಒತ್ತಿದ ಗುಂಡಿ ಇಲ್ಲಿ ಸಲ್ಲಲಿಲ್ಲ. ಜನ ಎದ್ದು ನಿಂತು ಬಾಯಿಗೆ ಬಂದಂತೆ ಬೈಯತೊಡಗಿದರು. ನಿನ್ನೆ ಸಂಜೆ ನಾನೇ ಕಣ್ಣಾರೆ ನೋಡಿದ್ದೆ, ಸರಿಯಾಗಿತ್ತು. ಪೋರ್ಟ್ ತೆಗೆದು ನೋಡಿದೆ. ನನ್ನ ಕಡೆ ಹಾಫ್ ಎಂದಿದೆ. ತಡವಾದ ಡಿಕ್ಕಿಗಳ ಲೆಕ್ಕ ಏರುತ್ತಿದೆ. ಇಷ್ಟು ದಿನ ಅವರ ವರದಿಯಲ್ಲಿ ಇದ್ದದ್ದೆಲ್ಲ ಈಗ ನನ್ನ ಪರದೆಯ ಮೇಲಿದೆ.

ಹಾಗೆಂದರೆ ಒಂದೇ ಅರ್ಥ. ಬೆಳಿಗ್ಗೆ ನಾನು ಬರುವ ಮೊದಲೇ ಅವರು ಬಂದು ತಮ್ಮ ತುದಿಯನ್ನು ಫಿಕ್ಸ್ ಮಾಡಿದ್ದಾರೆ. ನನ್ನ ಪದ್ಧತಿಯಂತೆ. ನನಗಾಗಿ ಬಗ್ಗಿದ್ದಾರೆ. ನಾನು ಅವರಿಗಾಗಿ ಬಗ್ಗಿದ್ದೇನೆ. ಇಬ್ಬರೂ ಬಗ್ಗಿ, ಮತ್ತೆ ತಲೆಗೆ ತಲೆ ಡಿಕ್ಕಿ.

ಹೊರಗೆ ಜನ ಕೂಗಾಡುತ್ತಿದ್ದರು. ನಾನು ಕೂತಲ್ಲೇ ಕೂತಿದ್ದೆ. ಎದೆಯೊಳಗೆ ಏನೋ ಬೆಚ್ಚಗಾಯಿತು. ಗಾಬರಿಗೆ ಹಾಗಾಗುತ್ತದಂತೆ.

ಫೋನ್ ಮಾಡಿದೆ, ಎಂಗೇಜ್. ಮತ್ತೆ ಮಾಡಿದೆ, ಎಂಗೇಜ್. ಅವರು ನನಗೇ ಮಾಡುತ್ತಿದ್ದಾರೆಂದು ಹೊಳೆಯಿತು. ಸರಿ, ಅವರೇ ಮಾಡಲಿ ಎಂದು ಕಾದೆ. ಅವರೂ ಹಾಗೇ ಅಂದುಕೊಂಡು ಕಾಯುತ್ತಿದ್ದಾರೆಂದು ಆಮೇಲೆ ಹೊಳೆಯಿತು. ತಲೆ ಕೆಟ್ಟು ಎದ್ದು ಓಡಿದೆ. ಅಂಗಳದಲ್ಲಿ ಹೂವಿನ ಗಾಡಿಗಳ ಸಂದಿಯಲ್ಲಿ ನುಸುಳಿ, ಒಂದು ಬಕೆಟ್ ನೀರನ್ನು ಸೀರೆಯ ಮೇಲೆ ಚೆಲ್ಲಿಕೊಂಡು, ಏದುಸಿರು ಬಿಡುತ್ತಾ ಅವರ ಕೋಣೆಗೆ ನುಗ್ಗಿದರೆ, ಖಾಲಿ. ಅವರು ಎರಡೂ ಹಾಲನ್ನು ಸೇರಿಸುವ ಮೇಲಿನ ಸೇತುವೆಯ ದಾರಿಯಲ್ಲಿ ನನ್ನ ಕೋಣೆಗೆ ಓಡಿದ್ದರು. ಕಂಪ್ಯೂಟರ್ ತೆರೆದೇ ಇತ್ತು. ನನ್ನದನ್ನೂ ನಾನು ತೆರೆದೇ ಬಂದಿದ್ದೆ. ಇಬ್ಬರೂ ಕಟ್ಟುನಿಟ್ಟಿನವರು!

ಅವರ ಮೇಜಿನ ಫೋನ್ ಬಡಿದುಕೊಂಡಿತು. ನನ್ನದೇ ನಂಬರ್.

"ಎಲ್ಲಿದ್ದೀರಿ?" ಎಂದರು.

"ನಿಮ್ಮ ಕುರ್ಚೀಲಿ. ನೀವು?"

"ನಿಮ್ಮದರಲ್ಲಿ. ಕಾಲು ನೆಲಕ್ಕೆ ತಾಗ್ತಿಲ್ಲ, ಎಷ್ಟು ಎತ್ತರ ಮಾಡಿಟ್ಟಿದ್ದೀರಿ."

ಆಮೇಲೆ ಇಬ್ಬರೂ ಒಟ್ಟಿಗೆ ಶುರು ಮಾಡಿದೆವು. ಯಾರು ಹೇಳಿದರು ನಿಮಗೆ ಬದಲಾಯಿಸಲು, ಒಂದು ಮಾತು ಹೇಳಬಾರದಿತ್ತೇ, ನಿಮ್ಮ ಅಕ್ಕನ ಕಣ್ಣು ನೆನಪಾಯಿತು, ನಿಮ್ಮ ಹಲ್ಲು ನೆನಪಾಯಿತು. ಇಬ್ಬರೂ ಏಕಕಾಲಕ್ಕೆ ಮಾತಾಡಿದರೂ ಒಂದು ಮಾತೂ ನನಗೆ ತಪ್ಪಿಹೋಗಲಿಲ್ಲ. ಈಗ ಯಾರ ಪದ್ಧತಿ ಎಂದು ಅವರು ಕೇಳಿದರು. ನೀವು ಅಲ್ಲಿ ಏನೂ ಮುಟ್ಟಬೇಡಿ ಎಂದೆ. ಅವರ ಕುರ್ಚಿಯಲ್ಲಿ ಕೂತು, ಅವರು ನನಗಾಗಿ ಹಾಕಿದ್ದ ಫಿಕ್ಸ್ ಅನ್ನು ನನ್ನ ಕೈಯಾರೆ ತೆಗೆದು ಆಟೋಗೆ ಬಿಟ್ಟೆ.

ಹಾಲಿನ ಕೂಗಾಟ ನಿಂತಿತು. ಬಾಗಿಲ ಸಂದಿಯಿಂದ ನೋಡಿದೆ. ಪರದೆಯ ಮೇಲೆ ಇಡೀ ಗುಲಾಬಿ, ದಂಟು ಮುಳ್ಳು ಎಲೆ ಎಲ್ಲ ಸಮೇತ.

ಮಾರ್ಚ್ 22, ಶನಿವಾರ

ಸ್ವಿಚ್ ಬರೆದಿಟ್ಟುಕೊಂಡ ಲಾಗ್ ತೆಗೆದು ನೋಡಿದೆ. ಮೊನ್ನೆ ಸಂಜೆ ನಾನು ಬದಲಾಯಿಸಿದ ಗಳಿಗೆಯಿಂದ ನಿನ್ನೆ ಅವರು ಬಂದು ಬದಲಾಯಿಸುವವರೆಗೆ ಆ ಕೇಬಲ್ ಒಂದು ತಪ್ಪೂ ಇಲ್ಲದೆ ಓಡಿದೆ. ರಾತ್ರಿಯಿಡೀ. ಉಪಯೋಗಿಸಲು ಒಬ್ಬರೂ ಇರಲಿಲ್ಲ.

ಇನ್ನು ಕೆಟ್ಟ ಸುದ್ದಿ. ನಿನ್ನೆ ಗಲಾಟೆಯಲ್ಲಿ ಮ್ಯಾನೇಜರ್ ನನ್ನನ್ನು ಬೈಯಲು ನನ್ನ ಕೋಣೆಗೆ ಓಡಿದ್ದಾರೆ, ಅಲ್ಲಿ ಆ ಕಡೆಯವರು ಕೂತಿದ್ದಾರೆ. ಬೈಯುವುದನ್ನೂ ಮರೆತು ಆ ಹಾಲಿಗೆ ಓಡಿದ್ದಾರೆ, ಅಲ್ಲಿ ನಾನು. ಇವತ್ತು ಇಬ್ಬರನ್ನೂ ಕೂರಿಸಿ ತಣ್ಣಗೆ ಹೇಳಿದರು, "ಒಬ್ಬರೇ ಎರಡೂ ಕಡೆ ನಿಭಾಯಿಸೋಕೆ ಆಗುತ್ತಾ ಅಂತ ನನಗೆ ಅನುಮಾನ ಇತ್ತು. ಅವರು ಇಲ್ಲಿ, ನೀವು ಅಲ್ಲಿ. ಆಗುತ್ತೆ ಅಂತ ನೀವೇ ತೋರಿಸಿಕೊಟ್ರಿ."

ಯಾರು ಎಂದು ತೀರ್ಮಾನಿಸಲು ಅವರಿಗೆ ಆಗುವುದಿಲ್ಲವಂತೆ. ನಮ್ಮ ವರದಿಗಳನ್ನು ಓದಿದರೆ ತಲೆ ಸುತ್ತುತ್ತದಂತೆ. ಸೋಮವಾರದೊಳಗೆ ನೀವೇ ಮಾತಾಡಿಕೊಂಡು ಒಂದು ಹೆಸರು ಹೇಳಿ, ಇಲ್ಲದಿದ್ದರೆ ಹೊರಗಿನ ಕಂಪನಿ ಎಂದು ಎದ್ದರು.

ಜಗಳವಾಡುತ್ತಿದ್ದಾಗ ಇಬ್ಬರೂ ಬೇಕಾಗಿದ್ದೆವು. ರಾಜಿಯಾದದ್ದೇ ತಡ, ನಮ್ಮಲ್ಲಿ ಒಬ್ಬರು ಹೆಚ್ಚಾದರು. ಅನ್ಯಾಯಕ್ಕೂ ಒಂದು ಮಿತಿ ಬೇಡವೇ?

ಮಾರ್ಚ್ 23, ಭಾನುವಾರ

ಅಕ್ಕನಿಗೆ ಸೂಜಿ ಪೋಣಿಸಿಕೊಟ್ಟೆ. ಮೂರು ಸಲ ತಪ್ಪಿತು. ನನ್ನ ಕಣ್ಣಿಗೇನೂ ಆಗಿಲ್ಲ.

ಮಾರ್ಚ್ 24, ಸೋಮವಾರ

ಅಂಗಳದ ಚಹಾ ಅಂಗಡಿಯಲ್ಲಿ ಕೂತೆವು. ನಾನು ಮನೆಯಲ್ಲೇ ಎಲ್ಲ ಯೋಚಿಸಿಕೊಂಡು ಹೋಗಿದ್ದೆ. ಕೂತ ಕೂಡಲೇ ಹೇಳಿದೆ: ಹುದ್ದೆ ನೀವೇ ಇಟ್ಟುಕೊಳ್ಳಿ, ಮಾತು ಮುಗಿಯಿತು, ಹೀಗೇ ಆಗಬೇಕು. ಅವರು ಎಂದಿನಂತೆ ಕಾದರು. ಆಮೇಲೆ ಲೋಟ ಕೆಳಗಿಟ್ಟು ಹೇಳಿದರು.

"ಮೇಡಂ, ನಿಮಗೇನು ಬೇಕು ಅಂತ ನೀವು ಯಾವತ್ತೂ ಹೇಳಲ್ಲ. ಹೀಗೇ ಆಗಬೇಕು ಅಂತ ಮಾತ್ರ ಹೇಳ್ತೀರಿ. ಆ ಕಡೆ ಕೂತವನು ಏನು ಮಾಡಬೇಕು? ಇರೋದ್ರಲ್ಲಿ ಕಮ್ಮಿ ಯಾವುದೋ ಅದೇ ನನ್ನ ಪಾಲು ಅಂದ್ಕೊಂಡು ಸುಮ್ಮನಾಗಬೇಕು."

ಸಿಟ್ಟು ನೆತ್ತಿಗೇರಿತು. ತಿರುಗಿ ಕೊಡಲು ಬಾಯಿ ತೆರೆದೆ, ಮತ್ತೆ ಮುಚ್ಚಿ ಲೋಟ ತಿರುಗಿಸತೊಡಗಿದೆ. ಅವರು ಕಾಯುತ್ತಲೇ ಇದ್ದರು. ಚಹಾ ಕೆನೆಗಟ್ಟಿತು.

"ನನಗೆ ಈ ಕೆಲಸ ಬೇಕು," ಎಂದೆ. "ಹರಾಜಿಗೆ ಅಂತ ಬೆಳಗಿನ ಜಾವ ಏಳೋಕೆ ಇನ್ನು ನನ್ನ ಕೈಲಾಗಲ್ಲ. ಮನೆ ನಡೀಬೇಕು. ಮತ್ತೆ, ನೀವು ಹೋಗೋದು ನನಗೆ ಬೇಡ."

ಕೊನೆಯದು ಹೇಗೆ ಬಾಯಿಂದ ಬಂತೋ. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅವರೂ ತಮ್ಮದನ್ನು ಹೇಳಿದರು. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದಂತೆ, ಒಬ್ಬರೇ ಇರುವ ಮನೆಯಲ್ಲಿ ಆ ಹೊತ್ತು ಕಳೆಯುವುದೇ ಕಷ್ಟವಂತೆ. ಮಧ್ಯಾಹ್ನವಾದರೆ ಕಣ್ಣು ಎಳೆಯುತ್ತದಂತೆ. ಒಂದು ಹೊಟ್ಟೆಗೆ ಅರ್ಧ ಸಂಬಳ ಸಾಕಂತೆ. "ಹೋಗೋದು ನನಗೂ ಬೇಡ" ಎಂದರು.

ಇಬ್ಬರಿಗೂ ಸಾಧ್ಯವಿದ್ದದ್ದರಲ್ಲಿ ಒಳ್ಳೆಯದನ್ನು ಆರಿಸಿದೆವು. ಒಂದು ಹುದ್ದೆ, ಎರಡು ಪಾಳಿ. ಬೆಳಗಿನದು ಅವರದು, ಮಧ್ಯಾಹ್ನದ್ದು ನನ್ನದು. ಮ್ಯಾನೇಜರಿಗೆ ಹೇಳಿದೆವು. ಸಂಬಳ ಒಂದೇ, ನೀವು ಹೇಗಾದರೂ ಹಂಚಿಕೊಳ್ಳಿ, ವರದಿ ಮಾತ್ರ ಕಳಿಸಬೇಡಿ ಎಂದರು.

ಅರ್ಧ ಸಂಬಳದಲ್ಲಿ ಮನೆ ಬಿಗಿಯಾಗುತ್ತದೆ, ಸುಳ್ಳು ಹೇಳಲಾರೆ. ನಮ್ಮ ಬೀದಿಯ ಅಂಗಡಿಗಳವರು ಕ್ಯಾಮೆರಾ ಹಾಕಿಕೊಡಿ, ತಂತಿ ಎಳೆದುಕೊಡಿ ಎಂದು ಕೇಳುತ್ತಲೇ ಇರುತ್ತಾರೆ, ಬೆಳಗಿನ ಹೊತ್ತು ಅದನ್ನು ಹಿಡಿಯುತ್ತೇನೆ. ಅಕ್ಕ ಎಲ್ಲ ಕೇಳಿ, "ಅರ್ಧ ಸಂಬಳ ಅಂತ ಇಷ್ಟು ಖುಷಿಯಾಗಿ ಹೇಳ್ತಿರೋಳು ನೀನೊಬ್ಬಳೇ ಕಣೇ" ಎಂದಳು. ಖುಷಿ ಎಲ್ಲಿಂದ ಬಂತು? ಬಸ್ಸು ಬೇಗ ಸಿಕ್ಕಿತ್ತು, ಅಷ್ಟೇ.

ಏಪ್ರಿಲ್ 7, ಸೋಮವಾರ

ಎರಡು ವಾರವಾಯಿತು, ಬರೆಯಲು ಪುರುಸೊತ್ತೇ ಇರಲಿಲ್ಲ. ಬೈಯಲೂ ಏನೂ ಇರಲಿಲ್ಲ.

ಪಾಳಿ ಬದಲಾಗುವಾಗ ಅವರು ನನಗೆ ಕೆಲಸ ಒಪ್ಪಿಸಿ ಹೋಗಬೇಕು. ಯಾವ ಪೋರ್ಟ್ ಸತ್ತಿದೆ, ಯಾವ ಪ್ರಿಂಟರ್ ಮುನಿಸಿಕೊಂಡಿದೆ, ಗಡಿಯಾರ ಹೇಗಿದೆ. ಐದು ನಿಮಿಷದ ಕೆಲಸ. ನಾನು ಸ್ವಲ್ಪ ಮೊದಲೇ ಬರುತ್ತೇನೆ, ಬಸ್ಸಿನ ಹೊತ್ತು ಹಾಗಿದೆ. ಅವರು ಸ್ವಲ್ಪ ತಡವಾಗಿ ಹೋಗುತ್ತಾರೆ, ಅವರ ಕಾರಣ ಅವರಿಗೆ ಗೊತ್ತು.

ಇವತ್ತು ಹೀಗೇ ಕೂತಿದ್ದಾಗ ಮ್ಯಾನೇಜರ್ ಬಂದರು. ಹೋಗುವಾಗಲೂ ಇಬ್ಬರೂ ಇದ್ದೆವು, ಬಹಳ ಹೊತ್ತಿನ ಮೇಲೆ ಅವರು ತಿರುಗಿ ಬಂದಾಗಲೂ ಇಬ್ಬರೂ ಇದ್ದೆವು. ಬಾಗಿಲಲ್ಲಿ ನಿಂತು ಗಡಿಯಾರ ನೋಡಿ, ನಮ್ಮಿಬ್ಬರನ್ನೂ ನೋಡಿ, ದಿನಾ ಇಷ್ಟು ಹೊತ್ತು ಒಪ್ಪಿಸುವಂಥದ್ದು ಏನಿರುತ್ತದೆ ಎಂದು ಕೇಳಿದರು.

ಆ ಕಡೆಯವರು ನನ್ನ ಮುಖ ನೋಡಿದರು. ನಾನು ಏನು ಹೇಳುತ್ತೇನೋ ಎಂದು ಕಾದರು.

"ಬಹಳ ಇದೆ ಸಾರ್," ಎಂದೆ. "ಇನ್ನೂ ಶುರುವೇ ಆಗಿಲ್ಲ."